ಒಂದೇ ವೋಲ್ಟೇಜ್ ಕೊಟ್ಟರೂ ಪಕ್ಕದ ಪಿಕ್ಸೆಲ್ ಮಂಕಾಗುವುದೇಕೆ?

ಪ್ರಶ್ನೆ (ಎಂ.ಟೆಕ್ ವಿದ್ಯಾರ್ಥಿ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಮೊಬೈಲ್‌ನ ಓಎಲ್‌ಇಡಿ ಪರದೆಗೆ (ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಪರದೆ) ಪಿಕ್ಸೆಲ್ ಸರ್ಕ್ಯೂಟ್ ವಿನ್ಯಾಸ ಮಾಡುವುದು ನನ್ನ ಕೊನೆಯ ವರ್ಷದ ಯೋಜನೆ. ಪುಸ್ತಕಗಳಲ್ಲಿ ಮೊದಲಿಗೆ ಸಿಗುವ ಸರ್ಕ್ಯೂಟನ್ನೇ ತೆಗೆದುಕೊಂಡೆ. ಅದರಲ್ಲಿರುವುದು ಎರಡು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಒಂದು ಟ್ರಾನ್ಸಿಸ್ಟರ್ ಬಾಗಿಲು ತೆರೆದಂತೆ ಡೇಟಾ ವೋಲ್ಟೇಜನ್ನು ಒಳಗೆ ಬಿಡುತ್ತದೆ. ಕೆಪಾಸಿಟರ್ ಅದನ್ನು ಮುಂದಿನ ಫ್ರೇಮ್ ಬರುವವರೆಗೆ ಹಿಡಿದಿಡುತ್ತದೆ. ಇನ್ನೊಂದು, ಅಂದರೆ ಡ್ರೈವ್ ಟ್ರಾನ್ಸಿಸ್ಟರ್, ಆ ವೋಲ್ಟೇಜಿಗೆ ತಕ್ಕಷ್ಟು ಕರೆಂಟನ್ನು ಓಎಲ್‌ಇಡಿಗೆ ಹರಿಸುತ್ತದೆ.

ಒಂದೇ ಪಿಕ್ಸೆಲ್ ಇಟ್ಟುಕೊಂಡು ಸಿಮ್ಯುಲೇಶನ್ ಮಾಡಿದಾಗ ಎಲ್ಲವೂ ಚೆನ್ನಾಗಿತ್ತು. ಆಮೇಲೆ ನಮ್ಮ ಮಾರ್ಗದರ್ಶಕರು ಡ್ರೈವ್ ಟ್ರಾನ್ಸಿಸ್ಟರ್‌ನ ಥ್ರೆಶೋಲ್ಡ್ ವೋಲ್ಟೇಜನ್ನು (ಅದು ತೆರೆದುಕೊಳ್ಳಲು ಬೇಕಾದ ಕನಿಷ್ಠ ವೋಲ್ಟೇಜ್) 0.1 ವೋಲ್ಟ್‌ನಷ್ಟು ಆಚೀಚೆ ಮಾಡಿ ನೋಡಲು ಹೇಳಿದರು. ಪೂರ್ತಿ ಬಿಳುಪಿನಲ್ಲಿ ಕರೆಂಟು ಒಂದು ಕಡೆ ಶೇ 14 ಏರಿತು, ಇನ್ನೊಂದು ಕಡೆ ಶೇ 13 ಇಳಿಯಿತು. ಕಡು ಬೂದು ಬಣ್ಣಕ್ಕೆ ಇಳಿಸಿದಾಗ ಒಂದು ಪಿಕ್ಸೆಲ್ ಶೇ 78 ಹೆಚ್ಚು ಹರಿಸಿದರೆ ಇನ್ನೊಂದು ಅರ್ಧಕ್ಕೂ ಕಡಿಮೆ ಹರಿಸುತ್ತಿದೆ. ಮೂರು ದಿನದಿಂದ ಕೆಪಾಸಿಟರ್ ದೊಡ್ಡದು ಮಾಡಿ ನೋಡುತ್ತಿದ್ದೇನೆ, ಏನೂ ಬದಲಾಗುತ್ತಿಲ್ಲ.

ಇದನ್ನು ಕಂಡ ಮೇಲೆ ರಾತ್ರಿ ಅಮ್ಮನ ಮೊಬೈಲನ್ನು ಕತ್ತಲೆಯಲ್ಲಿ ಹಿಡಿದು, ಹೊಳಪನ್ನು ಕೊನೆಗೆ ಇಳಿಸಿ, ಬೂದು ಬಣ್ಣದ ಚಿತ್ರವೊಂದನ್ನು ತೆರೆದು ನೋಡಿದೆ. ಒಂದು ಮೂಲೆಯಲ್ಲಿ ನಸುಗೆಂಪು ಛಾಯೆ ಇದೆ, ಆದರೆ ನನ್ನ ಸಿಮ್ಯುಲೇಶನ್ ಹೇಳುವಷ್ಟು ಕೆಟ್ಟದಾಗಿ ಖಂಡಿತ ಇಲ್ಲ. ಹಾಗಾದರೆ ಕಾರ್ಖಾನೆಯವರು ಎಲ್ಲ ಟ್ರಾನ್ಸಿಸ್ಟರ್‌ಗಳನ್ನೂ ಒಂದೇ ಅಚ್ಚಿನಲ್ಲಿ ಹೊಯ್ದಂತೆ ಮಾಡುತ್ತಾರೆಯೇ? ಅಥವಾ ನಾನು ಹಿಡಿದ ದಾರಿಯೇ ತಪ್ಪೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಪರದೆ ಎಂಜಿನಿಯರ್, ಊರು ತೀರ್ಥಹಳ್ಳಿ, ಈಗ ತೈವಾನಿನ ಸಿಂಚು)

ನಿಮ್ಮ ಲೆಕ್ಕ ಸರಿಯಾಗಿದೆ. ದಾರಿ ಬದಲಿಸಬೇಕು, ಅಷ್ಟೇ. ನಾನು ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಕನ್ನಡದಲ್ಲಿ ಈ ಪ್ರಶ್ನೆಯನ್ನು ಯಾರೋ ಕೇಳಿದ್ದನ್ನು ನೋಡಿ ಊಟ ಬಿಟ್ಟು ಬರೆಯಲು ಕುಳಿತೆ. ಉದ್ದವಾದರೆ ಸಹಿಸಿಕೊಳ್ಳಿ.

ಕಾರ್ಖಾನೆಯವರು ಎಲ್ಲ ಟ್ರಾನ್ಸಿಸ್ಟರ್‌ಗಳನ್ನು ಒಂದೇ ತರಹ ಮಾಡುವುದಿಲ್ಲ, ಮಾಡಲು ಆಗುವುದೂ ಇಲ್ಲ. ಅವು ಹುಟ್ಟುವ ಬಗೆ ಹಾಗಿದೆ. ಗಾಜಿನ ಮೇಲೆ ಸುಮಾರು 50 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ಪದರ ಹರಡಿರುತ್ತಾರೆ. ಅದು ಹರಳುಗಟ್ಟಬೇಕಾದರೆ ಕರಗಬೇಕು. ಆದರೆ ಕುಲುಮೆಯಲ್ಲಿಟ್ಟರೆ ಗಾಜು ತಾಳುವುದಿಲ್ಲ. ಅದಕ್ಕಾಗಿ 308 ನ್ಯಾನೊಮೀಟರ್‌ನ ಎಕ್ಸೈಮರ್ ಲೇಸರಿನ ಗೆರೆಯಂತಹ ಕಿರಣವನ್ನು ಮಿಡಿತ ಮಿಡಿತವಾಗಿ ಹಾಯಿಸುತ್ತಾರೆ. ಗಾಜು ಬಿಸಿಯಾಗುವ ಮೊದಲೇ ಸಿಲಿಕಾನ್ ಕರಗಿ, ಆರಿ, ಸಣ್ಣ ಸಣ್ಣ ಹರಳುಗಳಾಗುತ್ತದೆ. ಒಂದು ಟ್ರಾನ್ಸಿಸ್ಟರ್‌ನ ಚಾನೆಲ್‌ನಲ್ಲಿ, ಅಂದರೆ ಕರೆಂಟು ಹರಿಯುವ ದಾರಿಯಲ್ಲಿ, ಎಷ್ಟು ಹರಳಿನ ಅಂಚುಗಳು ಬಿದ್ದವು ಎಂಬುದು ಪೂರ್ತಿ ಅದೃಷ್ಟ. ಅಂಚಿನಲ್ಲಿ ಎಲೆಕ್ಟ್ರಾನ್‌ಗಳು ಮತ್ತು ಹೋಲ್‌ಗಳು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು) ಸಿಕ್ಕಿಹಾಕಿಕೊಳ್ಳುತ್ತವೆ, ಥ್ರೆಶೋಲ್ಡ್ ಬದಲಾಗುತ್ತದೆ. ಮೇಲಾಗಿ ಲೇಸರಿನ ಒಂದು ಮಿಡಿತ ಇನ್ನೊಂದರಷ್ಟೇ ಬಲವಾಗಿರುವುದಿಲ್ಲ.

ನಮ್ಮ ಮನೆಯಲ್ಲಿ ಅಜ್ಜಿ ಕುಳಿತು ಅಡಿಕೆ ಆರಿಸುತ್ತಿದ್ದರು. ರಾಶಿ, ಬೆಟ್ಟೆ, ಗೊರಬಲು ಎಂದು ಕೈ ತನ್ನಷ್ಟಕ್ಕೆ ಬೇರೆ ಬೇರೆ ಬುಟ್ಟಿಗೆ ಹಾಕುತ್ತಿತ್ತು. ಕ್ರೀಡಾಂಗಣದ ದೊಡ್ಡ ಎಲ್‌ಇಡಿ ಪರದೆಗಳಲ್ಲಿ ಈ ವಿದ್ಯೆ ನಡೆಯುತ್ತದೆ. ಬಿಡಿ ಎಲ್‌ಇಡಿಗಳನ್ನು ಅಳೆದು, ಒಂದೇ ಹೊಳಪಿನವನ್ನು ಒಟ್ಟಿಗೆ ಜೋಡಿಸುತ್ತಾರೆ. ಆದರೆ 1080ಕ್ಕೆ 2400ರ ಒಂದು ಮೊಬೈಲ್ ಪರದೆಯಲ್ಲಿ ಅರ್ಧ ಕೋಟಿಗೂ ಹೆಚ್ಚು ಡ್ರೈವ್ ಟ್ರಾನ್ಸಿಸ್ಟರ್‌ಗಳು ಒಂದೇ ಹಾಳೆಯ ಮೇಲೆ ಕುಳಿತಿರುತ್ತವೆ. ಆರಿಸಿ ತೆಗೆಯುವ ಮಾತೇ ಇಲ್ಲ. ಆದುದರಿಂದ ಟ್ರಾನ್ಸಿಸ್ಟರ್ ಹೇಗೇ ಇರಲಿ, ಅದರ ಕೊರತೆ ಬೆಳಕಿಗೆ ತಟ್ಟದಂತೆ ಪಿಕ್ಸೆಲನ್ನು ಕಟ್ಟಬೇಕು. ನಮ್ಮ ಕಸುಬಿನ ಮುಕ್ಕಾಲು ಭಾಗ ಇದೇ.

ಮೊದಲು ಕೈಗೆ ಎಟುಕುವ ಪರಿಹಾರ ಹೇಳುತ್ತೇನೆ. ನಿಮ್ಮ ಅಂಕಿಗಳಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ಗೇಟಿನ (ಟ್ರಾನ್ಸಿಸ್ಟರನ್ನು ತೆರೆದು ಮುಚ್ಚುವ ತುದಿಯ) ವೋಲ್ಟೇಜ್ ಥ್ರೆಶೋಲ್ಡನ್ನು ದಾಟಿದ ಮೇಲೆ ಉಳಿಯುವ ಭಾಗ ಬಿಳುಪಿನಲ್ಲಿ 1.5 ವೋಲ್ಟ್, ಬೂದಿನಲ್ಲಿ 0.3 ವೋಲ್ಟ್ ಇರಬೇಕು. ಕರೆಂಟು ಈ ಉಳಿಕೆಯ ವರ್ಗಕ್ಕೆ ತಕ್ಕಂತೆ ಹರಿಯುತ್ತದೆ. 0.3ರಲ್ಲಿ 0.1 ತಪ್ಪಿದರೆ ಮೂರರಲ್ಲಿ ಒಂದು ಪಾಲು ಹೋದಂತೆ. ಕೆಪಾಸಿಟರ್ ಹಿಡಿದಿಡುವ ಪಾತ್ರೆ ಮಾತ್ರ, ಅದನ್ನು ಎಷ್ಟು ಹಿಗ್ಗಿಸಿದರೂ ಈ ತಪ್ಪು ತಿದ್ದುವುದಿಲ್ಲ. ಬದಲಿಗೆ ಡ್ರೈವ್ ಟ್ರಾನ್ಸಿಸ್ಟರ್‌ನ ಚಾನೆಲನ್ನು ನಾಲ್ಕು ಪಟ್ಟು ಉದ್ದ ಮಾಡಿ. ಅಷ್ಟೇ ಕರೆಂಟಿಗೆ ಈಗ ಎರಡು ಪಟ್ಟು ಉಳಿಕೆ ಬೇಕಾಗುತ್ತದೆ. ಬೂದಿನಲ್ಲಿ 0.6 ವೋಲ್ಟ್ ಆಗಿ ನಿಮ್ಮ ಶೇ 78 ಶೇ 36ಕ್ಕೆ ಇಳಿಯುತ್ತದೆ. ಇಂಚಿಗೆ 400 ಪಿಕ್ಸೆಲ್ ಎಂದರೆ ಒಂದು ಪಿಕ್ಸೆಲ್‌ಗೆ ಸಿಗುವ ಜಾಗ 63 ಮೈಕ್ರೊಮೀಟರ್ ಅಗಲದ ಚೌಕ. ಅದರಲ್ಲೇ ಕೆಂಪು, ಹಸಿರು, ನೀಲಿ ಮೂರಕ್ಕೂ ಪಾಲು ಕೊಡಬೇಕು. ಉದ್ದನೆಯ ಚಾನೆಲ್ ನೇರವಾಗಿ ಹಿಡಿಸದ ಕಾರಣ ಅದನ್ನು ಹಾವು ಸರಿದಂತೆ ಮಡಚಿ ಬಿಡಿಸುತ್ತೇವೆ. ಸೂಕ್ಷ್ಮದರ್ಶಕದಲ್ಲಿ ಪಿಕ್ಸೆಲನ್ನು ನೋಡಿದಾಗ ಕಣ್ಣಿಗೆ ಮೊದಲು ಬೀಳುವುದೇ ಆ ಬಳುಕು.

ಇದಕ್ಕೆ ಬೆಲೆ ಇದೆ. ಬಿಳುಪಿನಲ್ಲಿ 3 ವೋಲ್ಟ್ ಉಳಿಕೆ ಬೇಕೆಂದರೆ ಪೂರೈಕೆಯ ವೋಲ್ಟೇಜ್ ಏರಿಸಬೇಕು. ಬ್ಯಾಟರಿ ಬೇಗ ಇಳಿಯುತ್ತದೆ, ಪರದೆ ಬಿಸಿಯಾಗುತ್ತದೆ. ಆದ್ದರಿಂದ ಇಷ್ಟಕ್ಕೇ ನಿಲ್ಲಲಾಗುವುದಿಲ್ಲ.

ನಿಜವಾದ ಮದ್ದು ಏಳು ಟ್ರಾನ್ಸಿಸ್ಟರ್‌ನ ಸರ್ಕ್ಯೂಟ್. ಅಂಗಡಿಯವರು ತುಪ್ಪ ಅಳೆಯುವುದನ್ನು ನೆನೆಸಿಕೊಳ್ಳಿ. ನೀವು ಒಯ್ದ ಪಾತ್ರೆಯನ್ನು ಮೊದಲು ಖಾಲಿಯಾಗಿ ತಕ್ಕಡಿಗೆ ಇಟ್ಟು, ಅದರ ತೂಕ ಕಳೆದು, ಆಮೇಲೆ ತುಪ್ಪ ಹಾಕುತ್ತಾರೆ. ಹಿತ್ತಾಳೆಯದಾಗಲಿ, ಪ್ಲಾಸ್ಟಿಕ್ಕಿನದಾಗಲಿ, ತುಪ್ಪ ಅಷ್ಟೇ ಬರುತ್ತದೆ. ಇಲ್ಲಿ ಪಾತ್ರೆಯ ತೂಕವೇ ಥ್ರೆಶೋಲ್ಡ್. ಪ್ರತಿ ಫ್ರೇಮ್‌ನಲ್ಲೂ ಪಿಕ್ಸೆಲ್ ಮೂರು ಹೆಜ್ಜೆ ಇಡುತ್ತದೆ. ಮೊದಲು ಗೇಟಿನಲ್ಲಿದ್ದ ಹಳೆಯ ವೋಲ್ಟೇಜನ್ನು ಕೆಳಗಿಳಿಸಿ ಅಳಿಸುತ್ತದೆ (ಈ ಟ್ರಾನ್ಸಿಸ್ಟರ್ ಪಿ-ಬಗೆಯದು, ಗೇಟ್ ಕೆಳಗಿಳಿದಷ್ಟೂ ಹೆಚ್ಚು ತೆರೆದುಕೊಳ್ಳುತ್ತದೆ). ಎರಡನೆಯದಾಗಿ ಡ್ರೈವ್ ಟ್ರಾನ್ಸಿಸ್ಟರ್‌ನ ಗೇಟ್ ಮತ್ತು ಡ್ರೈನ್ (ಕರೆಂಟು ಹೊರಹೋಗುವ ತುದಿ) ಎರಡನ್ನೂ ಜೋಡಿಸಿ, ಅದನ್ನೊಂದು ಡಯೋಡ್‌ನಂತೆ ಮಾಡಿ, ಡೇಟಾ ವೋಲ್ಟೇಜನ್ನು ಅದರ ಮೂಲಕವೇ ಒಳಗೆ ಬಿಡುತ್ತದೆ. ಗೇಟ್ ಮೇಲೇರುತ್ತಾ ಡೇಟಾಗಿಂತ ಸರಿಯಾಗಿ ಒಂದು ಥ್ರೆಶೋಲ್ಡ್‌ನಷ್ಟು ಕೆಳಗೆ ಬಂದಾಗ ಟ್ರಾನ್ಸಿಸ್ಟರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಂದರೆ ತನ್ನ ಕೊರತೆ ಎಷ್ಟೆಂದು ತಾನೇ ಅಳೆದು ಕೆಪಾಸಿಟರ್‌ನಲ್ಲಿ ಬರೆದಿಟ್ಟಂತಾಯಿತು. ಮೂರನೆಯದಾಗಿ ಓಎಲ್‌ಇಡಿಗೆ ದಾರಿ ಬಿಡುತ್ತದೆ. ಈಗ ಸಮೀಕರಣ ಬರೆದರೆ ಥ್ರೆಶೋಲ್ಡ್ ಎರಡೂ ಕಡೆಯಿಂದ ಹೊಡೆದುಹೋಗಿ, ಪೂರೈಕೆಯ ವೋಲ್ಟೇಜ್ ಮತ್ತು ಡೇಟಾ ಇವೆರಡರ ವ್ಯತ್ಯಾಸದ ವರ್ಗ ಮಾತ್ರ ಉಳಿಯುತ್ತದೆ. ಇದನ್ನು ಕಾಗದದ ಮೇಲೆ ಕೈಯಿಂದಲೇ ಬರೆದು ನೋಡಿ. ನಾನು ಮೊದಲ ಸಲ ಬರೆದ ದಿನದ ಸಂತೋಷ ಇನ್ನೂ ನೆನಪಿದೆ.

ಆದರೆ ಉಳಿದದ್ದರಲ್ಲಿ ಪೂರೈಕೆಯ ವೋಲ್ಟೇಜ್ ಇದೆ ಎಂಬುದನ್ನು ಗಮನಿಸಿ. ಆ ತಂತಿ ಪರದೆಯ ಒಂದು ಅಂಚಿನಿಂದ ಹೊರಟು ಇನ್ನೊಂದು ಅಂಚಿಗೆ ಹೋಗುವಷ್ಟರಲ್ಲಿ ದಾರಿಯುದ್ದಕ್ಕೂ ಪಿಕ್ಸೆಲ್‌ಗಳು ಕರೆಂಟು ಎಳೆದುಕೊಂಡಿರುತ್ತವೆ. ಕಾಲುವೆಯ ಕೊನೆಯ ಭಾಗದ ಗದ್ದೆಗೆ ನೀರು ತಲುಪದ ಕತೆಯೇ ಇಲ್ಲೂ ನಡೆಯುತ್ತದೆ. 1.5 ವೋಲ್ಟ್‌ನಲ್ಲಿ 0.1 ವೋಲ್ಟ್ ದಾರಿಯಲ್ಲೇ ಸೋರಿದರೆ ಕೊನೆಯ ಸಾಲು ಶೇ 13 ಮಂಕಾಗುತ್ತದೆ. ಇದು ಚಿತ್ರದ ಮೇಲೂ ನಿಂತಿದೆ. ಪರದೆಯ ನಡುವೆ ದೊಡ್ಡ ಬಿಳಿ ಚೌಕ ಬಂದರೆ ಅದರ ಆಚೆಗಿನ ಬೂದು ಬಣ್ಣ ಕುಗ್ಗುತ್ತದೆ. ಹಾಗಾಗಿ ಪೂರೈಕೆಯ ತಂತಿಯನ್ನು ಅಡ್ಡಕ್ಕೂ ಉದ್ದಕ್ಕೂ ಜಾಲರಿಯಂತೆ ಹೆಣೆಯುತ್ತೇವೆ. ನಿಮ್ಮ ಯೋಜನೆಯಲ್ಲಿ ಒಂದೇ ಪಿಕ್ಸೆಲ್ ಇದ್ದರೆ ಈ ದೋಷ ಕಾಣುವುದೇ ಇಲ್ಲ. ಕನಿಷ್ಠ ಒಂದು ಸಾಲನ್ನಾದರೂ ತಂತಿಯ ರೆಸಿಸ್ಟನ್ಸ್ ಸೇರಿಸಿ ಕಟ್ಟಿ.

ಇನ್ನು ಕಣ್ಣಿನ ವಿಷಯ. ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನನ್ನು ತಪಾಸಣೆಯ ಕತ್ತಲೆ ಕೋಣೆಯಲ್ಲಿ ಕೂರಿಸಿದ್ದರು. ಒಳಗೆ ಹೋಗಿ, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಸುಮ್ಮನೆ ಕುಳಿತು, ಆಮೇಲೆಯೇ ಪರದೆ ಹೊತ್ತಿಸಬೇಕು. 255ರಲ್ಲಿ 32ನೇ ಮಟ್ಟದ ಬೂದು (0 ಎಂದರೆ ಕಪ್ಪು, 255 ಎಂದರೆ ಪೂರ್ತಿ ಬಿಳುಪು). ಒಂದು ರಾತ್ರಿ ಪಾಳಿಯಲ್ಲಿ ಒಂದು ಪರದೆಯನ್ನು ಎರಡು ಸಲ ನೋಡಿ ‘ಸರಿಯಿದೆ’ ಎಂದು ಬದಿಗಿಟ್ಟೆ. ಪಕ್ಕದಲ್ಲಿದ್ದ ಹಿರಿಯರು ಏನೂ ಹೇಳದೆ ಅದನ್ನು ಎತ್ತಿ, ಸ್ವಲ್ಪ ವಾಲಿಸಿ, ನನ್ನಿಂದ ಒಂದು ಮಾರು ದೂರ ಹಿಡಿದರು. ಹತ್ತಿರದಿಂದ ಕಾಣದ ಗೆರೆಗಳು ಆಗ ಕಂಡವು. ಹತ್ತಿ ಸೀರೆಯ ನೇಯ್ಗೆಯಲ್ಲಿ ಅಲ್ಲಲ್ಲಿ ಒಂದೆರಡು ಎಳೆ ದಪ್ಪವಾದರೆ ಹೇಗೆ ಕಾಣುತ್ತದೆಯೋ ಹಾಗೆ, ಸಮಾನಾಂತರವಾಗಿ, ಲೇಸರ್ ಕಿರಣ ಬಿದ್ದ ದಿಕ್ಕಿನಲ್ಲಿ. ಇಂತಹ ಕಲೆಗಳಿಗೆಲ್ಲ ನಮ್ಮ ಕಸುಬಿನಲ್ಲಿ ‘ಮುರಾ’ ಎನ್ನುತ್ತಾರೆ. ಸಮವಿಲ್ಲದ್ದು ಎಂಬ ಅರ್ಥದ ಜಪಾನಿ ಪದ. ಅದೇ ಪರದೆಯನ್ನು ಮೀಟರಿನಲ್ಲಿ ಅಳೆದಾಗ ಗೆರೆಗೂ ಪಕ್ಕದ ಜಾಗಕ್ಕೂ ಇದ್ದ ವ್ಯತ್ಯಾಸ ಶೇ 2ರ ಆಸುಪಾಸು. ಆದರೆ ನಡುಭಾಗಕ್ಕಿಂತ ಮೂಲೆ ಶೇ 10 ಮಂಕಾಗಿತ್ತು, ಅದು ನನಗೂ ಕಂಡಿರಲಿಲ್ಲ, ಅವರಿಗೂ ಕಂಡಿರಲಿಲ್ಲ. ನಿಧಾನವಾಗಿ ಇಳಿಯುವ ಬೆಳಕನ್ನು ಕಣ್ಣು ಕ್ಷಮಿಸುತ್ತದೆ, ಥಟ್ಟನೆ ಬದಲಾಗುವ ಅಂಚನ್ನು ಕ್ಷಮಿಸುವುದಿಲ್ಲ. ನಿಮ್ಮ ಅಮ್ಮನ ಮೊಬೈಲಿನ ಮೂಲೆಯ ಛಾಯೆ ಹಗಲಿನಲ್ಲಿ ಯಾರಿಗೂ ತೊಂದರೆ ಕೊಡದಿರುವುದು ಇದರಿಂದಲೇ.

ಸರ್ಕ್ಯೂಟ್ ತಿದ್ದಿದ ಮೇಲೂ ಉಳಿಯುವ ಸಣ್ಣ ವ್ಯತ್ಯಾಸಗಳನ್ನು ಕಾರ್ಖಾನೆಯಲ್ಲಿ ಕ್ಯಾಮೆರಾದಿಂದ ಅಳೆದು, ಪ್ರತಿ ಪರದೆಗೂ ತಿದ್ದುಪಡಿಯ ಒಂದು ಪಟ್ಟಿಯನ್ನು ಮೆಮೊರಿಯಲ್ಲಿ ಬರೆದಿಡುತ್ತಾರೆ. ಕೆಲವು ಹೊಸಬರು ಎಲ್ಲವನ್ನೂ ಆ ಪಟ್ಟಿಯೇ ನೋಡಿಕೊಳ್ಳುತ್ತದೆ ಎಂದು ಪಿಕ್ಸೆಲ್ ವಿನ್ಯಾಸದಲ್ಲಿ ಉದಾಸೀನ ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪಟ್ಟಿ ಬರೆದದ್ದು ಪರದೆ ಹೊಸದಾಗಿದ್ದ ದಿನ. ಟ್ರಾನ್ಸಿಸ್ಟರ್ ಸವೆಯುತ್ತದೆ, ಓಎಲ್‌ಇಡಿಯೂ ಸವೆಯುತ್ತದೆ, ನೀಲಿ ಎಲ್ಲಕ್ಕಿಂತ ಬೇಗ ಸವೆಯುತ್ತದೆ. ಪ್ರತಿ ಫ್ರೇಮಿಗೂ ತನ್ನನ್ನು ತಾನೇ ಅಳೆದುಕೊಳ್ಳುವ ಪಿಕ್ಸೆಲ್‌ಗೆ ಮೂರು ವರ್ಷದ ನಂತರವೂ ತನ್ನ ಥ್ರೆಶೋಲ್ಡ್ ಗೊತ್ತಿರುತ್ತದೆ.

ಉತ್ತರ 2 (ನಿವೃತ್ತ ಉಪನ್ಯಾಸಕ, ಬೆಂಗಳೂರು)

ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ಇದಕ್ಕೆ ಹಿಂದಿನ ಕಾಲದ ಒಂದು ಮಾತು ಸೇರಿಸಬೇಕೆನ್ನಿಸಿತು. ಸಮ ಬೆಳಕಿನ ಸಮಸ್ಯೆಗೆ ನಮ್ಮ ಬೆಂಗಳೂರಿನಲ್ಲೇ ಒಳ್ಳೆಯ ಕೆಲಸ ನಡೆದಿದೆ.

ಪಿಕ್ಸೆಲ್‌ಗೊಂದು ಟ್ರಾನ್ಸಿಸ್ಟರ್ ಇಲ್ಲದ ಎಲ್‌ಸಿಡಿಗಳ ಕಾಲವದು. ಅಡ್ಡಸಾಲಿನ ತಂತಿ, ಉದ್ದಸಾಲಿನ ತಂತಿ, ಅವು ಸಂಧಿಸುವಲ್ಲಿ ಪಿಕ್ಸೆಲ್. ಸಾಲುಗಳನ್ನು ಒಂದೊಂದಾಗಿ ಆರಿಸುತ್ತಾ ಹೋದರೆ, ಒಂದು ಪಿಕ್ಸೆಲ್ ತನ್ನ ಸರದಿ ಇಲ್ಲದಾಗಲೂ ಬೇರೆಯವರ ವೋಲ್ಟೇಜನ್ನು ಸಹಿಸಬೇಕು. ಆಲ್ಟ್ ಮತ್ತು ಪ್ಲೆಶ್ಕೊ 1974ರಲ್ಲೇ ಇದರ ಮಿತಿಯನ್ನು ಲೆಕ್ಕ ಹಾಕಿದ್ದರು. 100 ಸಾಲಿನ ಪರದೆಯಲ್ಲಿ ಹೊತ್ತಿದ ಪಿಕ್ಸೆಲ್‌ಗೆ ಸಿಗುವ ವೋಲ್ಟೇಜ್ ಆರಿದ ಪಿಕ್ಸೆಲ್‌ಗಿಂತ ಹೆಚ್ಚೆಂದರೆ ಶೇ 10.5ರಷ್ಟು ಜಾಸ್ತಿ. ಅಷ್ಟು ಇಕ್ಕಟ್ಟಿನಲ್ಲಿ ಎರಡು ಗಾಜಿನ ನಡುವಣ ಅಂತರ ಒಂದಿಷ್ಟು ಹೆಚ್ಚುಕಡಿಮೆಯಾದರೂ ಪರದೆಯ ಮೇಲೆ ಕಲೆ ಬೀಳುತ್ತಿತ್ತು. ಚಿತ್ರ ಬದಲಾದಂತೆ ತರಂಗದ ಆಕಾರ ಕೆಟ್ಟು ಒಂದು ಉದ್ದಸಾಲು ಇನ್ನೊಂದಕ್ಕಿಂತ ಮಂಕಾಗುತ್ತಿತ್ತು.

ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಟಿ.ಎನ್. ರುಕ್ಮಾಂಗದನ್ ಅವರು 1980ರ ದಶಕದಲ್ಲಿ ಸಾಲುಗಳನ್ನು ಒಂದೊಂದಾಗಿ ಅಲ್ಲದೆ ಹಲವನ್ನು ಒಟ್ಟಿಗೆ ಆರಿಸುವ ವಿಧಾನಗಳನ್ನು ರೂಪಿಸಿದರು. ಒಂದು ಪಿಕ್ಸೆಲ್‌ಗೆ ಸಲ್ಲಬೇಕಾದ ವೋಲ್ಟೇಜ್ ಒಂದೇ ಹೊಡೆತದಲ್ಲಿ ಬರದೆ ಫ್ರೇಮ್‌ನ ಉದ್ದಕ್ಕೂ ಹಂಚಿಹೋಗುತ್ತದೆ, ಬೆಳಕು ಹೆಚ್ಚು ಸಮನಾಗುತ್ತದೆ. ಗಾಜನ್ನಾಗಲಿ ದ್ರವವನ್ನಾಗಲಿ ಮುಟ್ಟದೆ, ವೋಲ್ಟೇಜ್ ಕೊಡುವ ಕ್ರಮವನ್ನಷ್ಟೇ ಬದಲಿಸಿದ್ದು. ಹುಬ್ಬಳ್ಳಿಯ ಗೆಳೆಯರೇ, ನಿಮ್ಮ ವರದಿಯ ಪೀಠಿಕೆಯಲ್ಲಿ ಈ ಕೆಲಸಕ್ಕೆ ಒಂದು ಪುಟ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಉತ್ತರ 3 (ಮೊಬೈಲ್ ರಿಪೇರಿ, ದಾವಣಗೆರೆ)

ಸರ್ಕ್ಯೂಟಿನ ಲೆಕ್ಕ ನನಗೆ ಬರುವುದಿಲ್ಲ, ಆದರೆ ದಿನವೂ ಪರದೆ ಬದಲಿಸುತ್ತೇನೆ. ಗಿರಾಕಿಗೆ ಕೊಡುವ ಮೊದಲು ಅಂಗಡಿಯ ಶಟರ್ ಅರ್ಧ ಎಳೆದು, ಪೂರ್ತಿ ಪರದೆಗೆ ಕಡು ಬೂದು ಚಿತ್ರ ಹಾಕಿ, ಹೊಳಪು ಇಳಿಸಿ ನೋಡುತ್ತೇನೆ. ಬಿಳಿ ಚಿತ್ರದಲ್ಲಿ ಯಾವ ಪರದೆಯೂ ಸಿಕ್ಕಿಬೀಳುವುದಿಲ್ಲ. ಗೆರೆ, ಹಸಿರು ಛಾಯೆ ಎಲ್ಲ ಹೊರಬರುವುದು ಬೂದಿನಲ್ಲೇ. ಅದು ಏಕೆಂದು ಇವತ್ತು ತಿಳಿಯಿತು. ಮೇಡಂಗೆ ಒಂದು ಪ್ರಶ್ನೆ: ಕೆಲವು ಮೊಬೈಲ್‌ಗಳಲ್ಲಿ ಹೊಳಪು ಇಳಿಸಿದಾಗ ಕ್ಯಾಮೆರಾದಲ್ಲಿ ಪಟ್ಟಿ ಪಟ್ಟಿ ಮಿನುಗು ಕಾಣುತ್ತದೆ. ಮಿನುಗು ನಿಲ್ಲಿಸುವ ಆಯ್ಕೆ ಒತ್ತಿದರೆ ಮಿನುಗು ಹೋಗಿ ಪರದೆ ಕಲೆಗಲೆಯಾಗುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ?

ಉತ್ತರ 4 (ಪರದೆ ಎಂಜಿನಿಯರ್, ಸಿಂಚು)

ದಾವಣಗೆರೆಯವರೇ, ನೇರ ಸಂಬಂಧ ಇದೆ. ಮಿನುಗುವಾಗ ಪಿಕ್ಸೆಲ್ ಹೆಚ್ಚು ಕರೆಂಟಿನಲ್ಲೇ ಉರಿದು, ಸ್ವಲ್ಪ ಹೊತ್ತು ಆರಿ, ಮತ್ತೆ ಉರಿಯುತ್ತದೆ. ಹೆಚ್ಚು ಕರೆಂಟಿನಲ್ಲಿ ಥ್ರೆಶೋಲ್ಡ್‌ನ ವ್ಯತ್ಯಾಸ ಮುಚ್ಚಿಹೋಗುತ್ತದೆ, ಹಾಗಾಗಿ ಬೆಳಕು ಸಮ. ಮಿನುಗು ನಿಲ್ಲಿಸಿದರೆ ಕರೆಂಟನ್ನೇ ಇಳಿಸಬೇಕಾಗುತ್ತದೆ, ಒಳಗಿನ ವ್ಯತ್ಯಾಸ ಹೊರಬೀಳುತ್ತದೆ. ನಿಮ್ಮ ಅರ್ಧ ಶಟರಿನ ಪರೀಕ್ಷೆ ನಮ್ಮ ಕತ್ತಲೆ ಕೋಣೆಯ ಪರೀಕ್ಷೆಯೇ.

ಉಪನ್ಯಾಸಕ ಸರ್, ರುಕ್ಮಾಂಗದನ್ ಅವರ ಕೆಲಸವನ್ನು ನೆನಪಿಸಿದ್ದಕ್ಕೆ ಧನ್ಯವಾದ. ಇಲ್ಲಿನ ಸಹೋದ್ಯೋಗಿಗಳಿಗೆ ನಾಳೆಯೇ ಹೇಳುತ್ತೇನೆ.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ

ಎಲ್ಲರಿಗೂ ಋಣಿ. ಚಾನೆಲ್ ಉದ್ದ ಮಾಡಿದೆ, ಏಳು ಟ್ರಾನ್ಸಿಸ್ಟರ್ ಹಾಕಿದೆ. ಥ್ರೆಶೋಲ್ಡ್ 0.1 ವೋಲ್ಟ್ ಆಚೀಚೆ ಆದರೂ ಬಿಳುಪಿನಲ್ಲಿ ಈಗ ಶೇ 2ರೊಳಗೆ ಇದೆ. ಕಡು ಬೂದಿನಲ್ಲಿ ಮಾತ್ರ ಶೇ 6 ಉಳಿದಿದೆ. ಸಮೀಕರಣದಲ್ಲಿ ಥ್ರೆಶೋಲ್ಡ್ ಪೂರ್ತಿ ಹೊಡೆದುಹೋಯಿತಲ್ಲ, ಈ ಶೇ 6 ಎಲ್ಲಿಂದ ಬಂತು? 120 ಹರ್ಟ್ಸ್, 2400 ಸಾಲು ಎಂದು ಇಟ್ಟುಕೊಂಡಿದ್ದೇನೆ. ಅಳೆಯುವ ಹೆಜ್ಜೆಗೆ ಸಮಯ ಹೆಚ್ಚಿಸಿದರೆ ಸರಿಯಾಗುತ್ತದೆಯೇ?

ಉತ್ತರ 5 (ಪರದೆ ಎಂಜಿನಿಯರ್, ಸಿಂಚು)

ನಾಲ್ಕು ದಿನದಲ್ಲಿ ಇಷ್ಟು ಮುಂದೆ ಬಂದಿದ್ದೀರಿ, ತುಂಬಾ ಖುಷಿಯಾಯಿತು.

ಸೆಕೆಂಡಿಗೆ 120 ಫ್ರೇಮ್, ಫ್ರೇಮಿಗೆ 2400 ಸಾಲು ಎಂದರೆ ಒಂದು ಸಾಲಿಗೆ ಸಿಗುವುದು ಸುಮಾರು 3.5 ಮೈಕ್ರೊಸೆಕೆಂಡ್. ಗೇಟ್ ತನ್ನ ಕೊನೆಯ ಮಟ್ಟವನ್ನು ಸಮೀಪಿಸಿದಂತೆ ಟ್ರಾನ್ಸಿಸ್ಟರ್ ಮುಚ್ಚಿಕೊಳ್ಳುತ್ತಾ ಹೋಗುತ್ತದೆ. ಗೇಟನ್ನು ತುಂಬುತ್ತಿದ್ದ ಕರೆಂಟೂ ಅದರೊಂದಿಗೆ ಕುಗ್ಗುತ್ತದೆ. ಹೀಗಾಗಿ ಕೊನೆಯ ಕೆಲವು ಮಿಲಿವೋಲ್ಟ್‌ಗಳಿಗೆ ಬಹಳ ಹೊತ್ತು ಬೇಕು, ಅಷ್ಟರಲ್ಲಿ ಸರದಿ ಮುಗಿದಿರುತ್ತದೆ. ಆ ಬಾಕಿ ಬಿಳುಪಿನಲ್ಲಿ ಲೆಕ್ಕಕ್ಕಿಲ್ಲ, ಬೂದಿನಲ್ಲಿ ದೊಡ್ಡದಾಗಿ ಕಾಣುತ್ತದೆ.

ಆದರೆ ಸಮಯವನ್ನು ಕಣ್ಣುಮುಚ್ಚಿ ಹೆಚ್ಚಿಸಬೇಡಿ. ನೀವು ಇದುವರೆಗೆ ಥ್ರೆಶೋಲ್ಡನ್ನು ಮಾತ್ರ ಅಲುಗಾಡಿಸಿದ್ದೀರಿ. ಹರಳಿನ ಅಂಚುಗಳು ಮೊಬಿಲಿಟಿಯನ್ನೂ (ಎಲೆಕ್ಟ್ರಾನ್, ಹೋಲ್‌ಗಳು ಚಲಿಸುವ ಚುರುಕನ್ನೂ) ಕೆಡಿಸುತ್ತವೆ, ಸಮೀಕರಣದಲ್ಲಿ ಅದು ಹೊಡೆದುಹೋಗಿಲ್ಲ. ಚುರುಕಾದ ಟ್ರಾನ್ಸಿಸ್ಟರ್ ಉರಿಯುವಾಗ ಹೆಚ್ಚು ಕರೆಂಟು ಹರಿಸುತ್ತದೆ. ಅದೇ ಟ್ರಾನ್ಸಿಸ್ಟರ್ ಅಳೆಯುವ ಹೆಜ್ಜೆಯಲ್ಲೂ ಚುರುಕಾಗಿ ಗೇಟನ್ನು ಇನ್ನಷ್ಟು ಮೇಲಕ್ಕೆ ಏರಿಸಿರುತ್ತದೆ, ಅಂದರೆ ತನ್ನ ಕರೆಂಟನ್ನು ತಾನೇ ಕಡಿಮೆ ಮಾಡಿಕೊಂಡಿರುತ್ತದೆ. ತುಂಬುವುದು ಪೂರ್ತಿಯಾಗುವ ಸ್ವಲ್ಪ ಮೊದಲೇ ನಿಲ್ಲಿಸಿದರೆ ಈ ಎರಡು ದೋಷಗಳು ಒಂದನ್ನೊಂದು ತಿನ್ನುತ್ತವೆ. ಪೂರ್ತಿ ಕಾದರೆ ಆ ಲಾಭ ಹೋಗುತ್ತದೆ.

ಹೀಗೆ ಮಾಡಿ. ಥ್ರೆಶೋಲ್ಡ್ 0.1 ವೋಲ್ಟ್, ಮೊಬಿಲಿಟಿ ಶೇ 10, ಎರಡನ್ನೂ ಒಟ್ಟಿಗೆ ಆಚೀಚೆ ಮಾಡಿ. ಅಳೆಯುವ ಹೆಜ್ಜೆಯನ್ನು 1.5ರಿಂದ 7 ಮೈಕ್ರೊಸೆಕೆಂಡ್‌ವರೆಗೆ ಅರ್ಧರ್ಧ ಏರಿಸುತ್ತಾ, ಬೂದಿನ 32ನೇ ಮಟ್ಟದಲ್ಲಿ ಕರೆಂಟಿನ ಹರಹನ್ನು ಬಿಡಿಸಿ. 3.5ಕ್ಕಿಂತ ಹೆಚ್ಚು ಬೇಕೆಂದು ಬಂದರೆ ಹೆದರಬೇಡಿ, ಪಕ್ಕದ ಸಾಲುಗಳ ಸಮಯವನ್ನು ಒಂದರ ಮೇಲೊಂದು ಬರುವಂತೆ ಮಾಡುವ ಉಪಾಯಗಳಿವೆ. ಆ ನಕ್ಷೆಯನ್ನು ಮತ್ತು ಮೂರು ಹೆಜ್ಜೆಗಳಲ್ಲೂ ಗೇಟಿನ ವೋಲ್ಟೇಜ್ ಹೇಗೆ ಸಾಗುತ್ತದೆ ಎಂಬುದರ ಚಿತ್ರವನ್ನು ಇಲ್ಲಿ ಹಾಕಿ. ಭಾನುವಾರ ನನಗೆ ರಜೆ, ಕುಳಿತು ನೋಡುತ್ತೇನೆ.